ಹಿತ್ತಲಿನ ಚೆಂಡು, ಪಕ್ಕದ ಮನೆಯ ನಿದ್ದೆ: ಐದು ತಿಂಗಳ ಅನುಭವ

ನಾವಿರುವುದು ಇಂಗ್ಲೆಂಡಿನ ಬರ್ಕ್‌ಶೈರ್ ಭಾಗದ ಒಂದು ಊರಿನಲ್ಲಿ. 2022ರಲ್ಲಿ ಕೊಂಡ ಈ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಎರಡು ಹಿತ್ತಲುಗಳ ನಡುವೆ ಆರಡಿ ಎತ್ತರದ ಒಂದೇ ಮರದ ಬೇಲಿ. 2024ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ನಮ್ಮ ಮಕ್ಕಳು ಹಿತ್ತಲಿನಲ್ಲಿ ಆಡುವ ಕ್ರಿಕೆಟ್‌ನ ಕಾರಣಕ್ಕೆ, ಪಕ್ಕದ ಮನೆಯವರಿಗೂ ನಮಗೂ ನಡುವೆ ಬೆಳೆದ ತಕರಾರು ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ವರೆಗೆ ಹೋಗಿ, ಮಧ್ಯಸ್ಥಿಕೆಯಲ್ಲಿ ಮುಗಿಯಿತು. ದೂರಿನ ಬಗ್ಗೆ ಕೌನ್ಸಿಲ್‌ನ ಪತ್ರ ಮೊದಲ ಸಲ ಕೈಗೆ ಬಂದಾಗ ಯಾರನ್ನು ಕೇಳಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ನಮ್ಮಂತೆಯೇ ಇಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತುಗಳು ಗೋಪ್ಯವಾದವು. ಆದ್ದರಿಂದ ಪಕ್ಕದ ಮನೆಯವರ ಒಪ್ಪಿಗೆ ಪಡೆದು, ಅವರು ಹೇಳಬಹುದೆಂದದ್ದನ್ನು ಮಾತ್ರ ಹೇಳಿದ್ದೇನೆ.

ಏಪ್ರಿಲ್‌ನಲ್ಲಿ ಶಿವಮೊಗ್ಗದಿಂದ ನನ್ನ ಮಾವನವರು ಆರು ತಿಂಗಳ ವೀಸಾದ ಮೇಲೆ ಬಂದರು. ಹಿಂದಿನ ವರ್ಷ ಅತ್ತೆಯವರು ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಕಾಲಿಟ್ಟ ಮೊದಲ ಪ್ರಯಾಣ ಅದು. ಮೊದಲ ಎರಡು ವಾರ ಕಿಟಕಿಯ ಬಳಿ ಸುಮ್ಮನೆ ಕುಳಿತಿರುತ್ತಿದ್ದವರು, ಮೇ ತಿಂಗಳ ಬಿಸಿಲು ಬಿದ್ದ ಮೇಲೆ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡು, ಹನ್ನೊಂದು ಮತ್ತು ಎಂಟು ವರ್ಷದ ಮೊಮ್ಮಕ್ಕಳಿಗೆ ಟೆನಿಸ್ ಚೆಂಡಿನಲ್ಲಿ ಬೌಲಿಂಗ್ ಮಾಡತೊಡಗಿದರು. ನಮ್ಮ ಹಿತ್ತಲು ಹನ್ನೊಂದು ಮೀಟರ್ ಉದ್ದ, ಏಳು ಮೀಟರ್ ಅಗಲ. ವಿಕೆಟ್ ಕೀಪರ್ ಇಲ್ಲದ ಕಾರಣ ಸ್ಟಂಪನ್ನು ಬೇಲಿಗೆ ಒತ್ತಿ ನಿಲ್ಲಿಸಿದ್ದರು. ಬ್ಯಾಟಿಗೆ ಸಿಗದ ಚೆಂಡೆಲ್ಲ ಬೇಲಿಗೆ ಬಡಿದು ಹಿಂದಕ್ಕೆ ಉರುಳಿ ಬರುತ್ತಿತ್ತು. ಊರಿನ ಓಣಿಯಲ್ಲಿ ಕಾಂಪೌಂಡಿನ ಗೋಡೆಯನ್ನು ಬಳಸಿಕೊಂಡೇ ಆಡಿ ಬೆಳೆದ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮುಂದಿನ ಕಥೆಗೆಲ್ಲ ಆ ಬೇಲಿಯೇ ಮೂಲವಾಗಿದ್ದರಿಂದ ಈ ವಿವರವನ್ನು ಹೇಳಿದೆ.

ಮೇ ಕೊನೆಯ ವಾರ ಶಾಲೆಗೆ ಅರ್ಧಾವಧಿ ರಜೆ. ಒಂದು ದಿನ ಚೆಂಡು ಆಚೆಗೆ ಹೋದಾಗ ಹಿರಿಯ ಮಗ ಯಾರನ್ನೂ ಕೇಳದೆ ಬೇಲಿ ಹತ್ತಿ ಇಳಿದು ತಂದುಬಿಟ್ಟ. ಪಕ್ಕದ ಮನೆಯವರು ಮಹಡಿಯ ಕಿಟಕಿ ತೆರೆದು ಗದರಿದರು. ಮಗ ಬೆದರಿ ಒಳಗೆ ಓಡಿ ಬಂದ. ನಾನು ಅವನ ಪರವಾಗಿ ಕ್ಷಮೆ ಕೇಳಲು ಹೋದಾಗ ಅವರು ಬಾಗಿಲು ತೆರೆಯಲಿಲ್ಲ. ನಿದ್ದೆಗೆ ಮರಳಿದ್ದರೆಂಬುದು ನನಗೆ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ. ಇಲ್ಲಿನ ಕಾನೂನಿನ ಪ್ರಕಾರ ಚೆಂಡು ಪಕ್ಕದವರ ಹಿತ್ತಲಿಗೆ ಬಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ, ನಿಜ; ಆದರೆ ಅದನ್ನು ತರಲು ಅನುಮತಿಯಿಲ್ಲದೆ ಅವರ ಜಾಗಕ್ಕೆ ಕಾಲಿಡುವ ಹಕ್ಕು ನಮಗೂ ಇಲ್ಲ, ಮಕ್ಕಳಿಗೂ ಇಲ್ಲ. ಚಿಕ್ಕ ಮಕ್ಕಳಿದ್ದವರು ಈ ಒಂದು ಮಾತನ್ನು ಮೊದಲ ದಿನವೇ ಅವರಿಗೆ ಹೇಳಿಕೊಡಬೇಕು. ನಾನು ಹೇಳಿರಲಿಲ್ಲ.

ಅದಾದ ನಾಲ್ಕೇ ದಿನಕ್ಕೆ, ಜೂನ್ 2ರ ಭಾನುವಾರ, ಚೆಂಡು ಹೋಗಿ ಅವರ ಗಾಜಿನ ಗಿಡಮನೆಯ ಒಂದು ಫಲಕಕ್ಕೆ ಬಡಿದು ಅದು ಸೀಳಿತು. ಒಳಗೆ ಟೊಮೆಟೊ ಸಸಿಗಳಿದ್ದವು. ನನ್ನ ಯಜಮಾನರು ಅಂದೇ ಹೋಗಿ, ಬಾಗಿಲಲ್ಲಿ ನಿಂತೇ ಮಾತಾಡಿ, ಹೊಸ ಗಾಜಿನ 35 ಪೌಂಡ್ ಕೊಟ್ಟು ಬಂದರು. ಹಣ ಕೊಟ್ಟೆವು, ವಿಷಯ ಮುಗಿಯಿತು ಎಂದುಕೊಂಡೆವು. ಆದರೆ ಆ ದಿನದಿಂದ ಆಚೆಗೆ ಹೋದ ಚೆಂಡುಗಳು ಹಿಂದಕ್ಕೆ ಬರುವುದು ನಿಂತಿತು. ಜೂನ್ ಮುಗಿಯುವ ಹೊತ್ತಿಗೆ ಏಳು ಚೆಂಡುಗಳು ಆ ಕಡೆ ಉಳಿದಿದ್ದವು.

ಜೂನ್ 29ರಂದು ಟಿ20 ವಿಶ್ವಕಪ್ಪಿನ ಫೈನಲ್‌ನಲ್ಲಿ ಭಾರತವು ದಕ್ಷಿಣ ಆಫ್ರಿಕಾದ ವಿರುದ್ಧ 7 ರನ್ನುಗಳಿಂದ ಗೆದ್ದಿತು. ಕೊನೆಯ ಓವರಿನಲ್ಲಿ ಬೌಂಡರಿ ಗೆರೆಯ ಬಳಿ ಸೂರ್ಯಕುಮಾರ್ ಯಾದವ್ ಹಿಡಿದ ಕ್ಯಾಚನ್ನು ನೋಡಿದ ಮಕ್ಕಳಿಗೆ ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೇ ಅದನ್ನು ಆಡಿ ನೋಡಬೇಕೆನಿಸಿತು. ಬೇಲಿಯನ್ನೇ ಬೌಂಡರಿ ಮಾಡಿಕೊಂಡು, ಚೆಂಡನ್ನು ಮೇಲಕ್ಕೆಸೆದು, ಗೆರೆ ದಾಟಿ ಒಳಬರುವ ಆಟವನ್ನು ಇಪ್ಪತ್ತು ಸಲವಾದರೂ ಆಡಿದರು. ಕೊನೆಗೆ ಕಿರಿಯವನು ಭುಜದಿಂದ ಬೇಲಿಗೆ ಗುದ್ದಿ ಒಂದು ಹಲಗೆ ಬಿರುಕುಬಿಟ್ಟಿತು. ಆಚೆಯಿಂದ ಏನೂ ಸದ್ದು ಬರಲಿಲ್ಲ.

ಜುಲೈ 5ರಂದು ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗದಿಂದ ಪತ್ರ ಬಂದಿತು. ನಿಮ್ಮ ಮನೆಯಿಂದ ಚೆಂಡಾಟದ ಶಬ್ದವಾಗುತ್ತಿದೆಯೆಂದು ದೂರು ಬಂದಿದೆ, ಶಬ್ದವಾದ ದಿನ, ಹೊತ್ತುಗಳನ್ನು ಬರೆದಿಡಲು ದೂರುದಾರರಿಗೆ ದಾಖಲೆ ಹಾಳೆಗಳನ್ನು ಕೊಟ್ಟಿದ್ದೇವೆ, ಅವುಗಳನ್ನು ಪರಿಶೀಲಿಸಿ ಮುಂದಿನ ಕ್ರಮವನ್ನು ನಿರ್ಧರಿಸುತ್ತೇವೆ ಎಂಬುದು ಅದರ ಸಾರ. ದೂರು ಕೊಟ್ಟವರ ಹೆಸರಿಲ್ಲ, ಯಾವ ದಿನ, ಯಾವ ಹೊತ್ತು, ಎಂಥ ಶಬ್ದ ಎಂಬುದೂ ಇಲ್ಲ. 1990ರ ಪರಿಸರ ರಕ್ಷಣಾ ಕಾಯ್ದೆಯ ಹೆಸರು ಮಾತ್ರ ಇತ್ತು. ಕಾಯ್ದೆಯ ಹೆಸರು ಓದಿದೊಡನೆ ನನ್ನ ಕೈ ತಣ್ಣಗಾಯಿತು. ಮುಂದಿನ ವರ್ಷ ನಾವು ಶಾಶ್ವತ ವಾಸದ ಅನುಮತಿಗೆ ಅರ್ಜಿ ಹಾಕಬೇಕಿತ್ತು, ಇದೊಂದು ಕಪ್ಪು ಚುಕ್ಕೆಯಾಗಿ ಉಳಿದರೆ ಗತಿಯೇನು ಎಂದು ಆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಇನ್ನೊಂದು ಭಯವನ್ನೂ ಮುಚ್ಚಿಡಬಾರದು: ನಾವು ಬೇರೆ ದೇಶದವರೆಂಬ ಕಾರಣಕ್ಕೇ ಇದು ಬಂದಿರಬಹುದೇ ಎಂಬ ಯೋಚನೆ ಮನೆಯಲ್ಲಿ ಎಲ್ಲರಿಗೂ ಬಂದಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಸೋಮವಾರ ನಲವತ್ತು ನಿಮಿಷ ಫೋನ್ ಹಿಡಿದು ಕಾದ ಮೇಲೆ ಒಬ್ಬ ಅಧಿಕಾರಿ ಸಿಕ್ಕಿ ಸಮಾಧಾನದಿಂದ ವಿವರಿಸಿದರು. ಮೊದಲ ಪತ್ರವು ಕೇವಲ ತಿಳಿವಳಿಕೆಯ ಪತ್ರ, ಅದು ನೋಟಿಸ್ ಅಲ್ಲ. ತನಿಖೆಯಾಗಿ, ಶಬ್ದವು ಕಾನೂನಿನ ಅರ್ಥದಲ್ಲಿ ಉಪದ್ರವವೆಂದು ಕೌನ್ಸಿಲ್‌ಗೆ ಮನವರಿಕೆಯಾದರೆ ಮಾತ್ರ ಅದನ್ನು ನಿಲ್ಲಿಸುವಂತೆ ನೋಟಿಸ್ ಕೊಡುತ್ತಾರೆ. ಆ ನೋಟಿಸನ್ನು ಮೀರಿದರೆ ಅಪರಾಧವಾಗುತ್ತದೆಯೇ ಹೊರತು ದೂರು ಬಂದದ್ದೇ ಅಪರಾಧವಲ್ಲ. ಹಗಲಿನಲ್ಲಿ ಮಕ್ಕಳು ಸಾಮಾನ್ಯವಾಗಿ ಆಡುವ ಸದ್ದಿಗೆ ಕೌನ್ಸಿಲ್‌ಗಳು ನೋಟಿಸ್ ಕೊಡುವುದು ಅಪರೂಪ. ಇಷ್ಟು ಕೇಳಿದಾಗ ಎದೆಯ ಭಾರ ಅರ್ಧ ಇಳಿಯಿತು. ಇಂಥ ಪತ್ರ ಬಂದವರು ಬೇರೇನೂ ಮಾಡುವ ಮೊದಲು ಆ ಕಚೇರಿಗೆ ಫೋನ್ ಮಾಡಿ, ಮಾತಾಡಿದವರ ಹೆಸರನ್ನೂ ಪ್ರಕರಣದ ಸಂಖ್ಯೆಯನ್ನೂ ಬರೆದುಕೊಳ್ಳುವುದು ಒಳ್ಳೆಯದು. ನಾನು ಕೇಳಲು ಮರೆತದ್ದು ಒಂದೇ ಪ್ರಶ್ನೆ: ದೂರು ದಿನದ ಯಾವ ಹೊತ್ತಿನದು? ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದದ್ದು ಅದನ್ನೇ.

ಅದನ್ನು ಕೇಳದ ತಪ್ಪಿಗೆ ನಾವೇ ಪರಿಸ್ಥಿತಿಯನ್ನು ಕೆಡಿಸಿದೆವು. ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತು ಗಂಟೆಯವರೆಗೂ ಬೆಳಕಿರುವುದರಿಂದ ಮಕ್ಕಳು ಎಂಟೂವರೆಯವರೆಗೆ ಆಡುತ್ತಿದ್ದರು. ದೂರು ಆ ಹೊತ್ತಿನದೇ ಇರಬೇಕೆಂದು ನಾವಾಗಿಯೇ ಊಹಿಸಿಕೊಂಡು, ಸಂಜೆ ಆರರ ನಂತರ ಆಟವೇ ಕೂಡದೆಂದು ನಿಯಮ ಮಾಡಿದೆವು. ಜುಲೈ ಕೊನೆಗೆ ಬೇಸಿಗೆ ರಜೆ ಬಂದಿತು. ಸಂಜೆಯ ಆಟವೆಲ್ಲ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗಿನ ಹೊತ್ತಿಗೆ ಸರಿಯಿತು. ನಮ್ಮ ದೃಷ್ಟಿಯಲ್ಲಿ ನಾವು ಬಗ್ಗಿ ನಡೆದಿದ್ದೆವು. ಆಗಸ್ಟ್ ಮೊದಲ ವಾರ ಮೊದಲಿನದಕ್ಕಿಂತ ಬಿಗಿಯಾದ ಎರಡನೆಯ ಪತ್ರ ಬಂದಾಗ ಎಲ್ಲರಿಗೂ ಸಿಟ್ಟು ಬಂದಿತು. ಮಾವನವರು ಅಂದು ಸಂಜೆ ಕುರ್ಚಿಯನ್ನು ಮಡಚಿ ಒಳಗಿಟ್ಟರು. "ನೋಡಮ್ಮ, ನಾನು ಬಂದಿದ್ದರಿಂದ ನಿಮಗೆ ತೊಂದರೆಯಾಯಿತು. ಟಿಕೆಟ್ ಮುಂಚೆ ಮಾಡಿಸಿಬಿಡಿ," ಎಂದರು. "ಹಾಗೆನ್ನಬೇಡಿ ಮಾವ, ಇದು ನಿಮ್ಮಿಂದ ಆದದ್ದಲ್ಲ," ಎಂದೆ. ಆದರೆ ಮುಂದಿನ ನಾಲ್ಕು ವಾರ ಅವರು ಹಿತ್ತಲಿಗೆ ಕಾಲಿಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಆ ನಾಲ್ಕು ವಾರ.

ಮನೆಯ ವಿಮೆಯ ಜೊತೆಗೆ ಕಾನೂನು ವೆಚ್ಚದ ರಕ್ಷಣೆಯನ್ನೂ ಕೊಂಡಿದ್ದೆವು. ಅದರಲ್ಲಿ ಉಚಿತ ಸಲಹೆಯ ದೂರವಾಣಿ ಇರುತ್ತದೆಂಬುದು ಆವರೆಗೆ ನೆನಪಾಗಿರಲಿಲ್ಲ. ನಿಮ್ಮ ವಿಮಾ ಪತ್ರವನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಸಿಕ್ಕ ವಕೀಲರು ಎರಡು ಮಾತು ಹೇಳಿದರು. ಇಲ್ಲಿ ಮನೆ ಮಾರುವಾಗ ತುಂಬಿಕೊಡುವ ಟಿಎ6 ಎಂಬ ನಮೂನೆಯಲ್ಲಿ ನೆರೆಯವರೊಂದಿಗಿನ ತಕರಾರುಗಳನ್ನು ತಿಳಿಸಬೇಕು, ಮುಚ್ಚಿಟ್ಟರೆ ಕೊಂಡವರು ಮುಂದೆ ಪರಿಹಾರ ಕೇಳಬಹುದು. ಆದ್ದರಿಂದ ಪತ್ರಗಳ ಮೇಲೆ ಪತ್ರ ಬರೆದು ತಕರಾರನ್ನು ಬೆಳೆಸುವುದು ಎರಡು ಮನೆಗೂ ನಷ್ಟ ಎಂಬುದು ಮೊದಲನೆಯದು. ಮಕ್ಕಳ ಆಟ ತಾನೇ, ಕೋರ್ಟು ನಮ್ಮ ಪರವಾಗಿಯೇ ಇರುತ್ತದೆ ಎಂದು ನಂಬಿ ಕೂರಬೇಡಿ ಎಂಬುದು ಎರಡನೆಯದು.

ಆ ಎರಡನೆಯ ಮಾತಿನ ಜಾಡು ಹಿಡಿದು ನಾನು ಇಲ್ಲಿನ ಎರಡು ಹೆಸರಾಂತ ತೀರ್ಪುಗಳನ್ನು ಓದಿದೆ. ಮ್ಯಾಂಚೆಸ್ಟರ್‌ನ ಚೀಟಂ ಕ್ರಿಕೆಟ್ ಮೈದಾನದಿಂದ 1947ರಲ್ಲಿ ಹಾರಿದ ಚೆಂಡು ರಸ್ತೆಯಲ್ಲಿದ್ದ ಒಬ್ಬ ಮಹಿಳೆಗೆ ತಗುಲಿತು. 1951ರಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟಿತು, ಏಕೆಂದರೆ ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ಹೊರಗೆ ಹೋದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಇನ್ನೊಂದು, ಡರ್ಹಂ ಪ್ರಾಂತದ ಲಿಂಟ್ಸ್ ಹಳ್ಳಿಯದು. ಸುಮಾರು 70 ವರ್ಷಗಳಿಂದ ಕ್ರಿಕೆಟ್ ಆಡುತ್ತಿದ್ದ ಮೈದಾನದ ಪಕ್ಕದಲ್ಲಿ ಹೊಸ ಮನೆಗಳಾಗಿ, ಹಿತ್ತಲಿಗೆ ಚೆಂಡು ಬೀಳುತ್ತಿದೆಯೆಂದು ಒಂದು ಕುಟುಂಬ ಮೊಕದ್ದಮೆ ಹೂಡಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆಟವನ್ನು ನಿಲ್ಲಿಸಲಿಲ್ಲ. ಹಳ್ಳಿಯ ಕ್ರಿಕೆಟ್‌ನ ಪರವಾಗಿ ನ್ಯಾಯಮೂರ್ತಿ ಲಾರ್ಡ್ ಡೆನಿಂಗ್ ಬರೆದದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಪೀಠದ ಉಳಿದ ಇಬ್ಬರು ನ್ಯಾಯಮೂರ್ತಿಗಳು ಚೆಂಡು ಮತ್ತೆ ಮತ್ತೆ ಬೀಳುವುದು ಉಪದ್ರವವೇ ಎಂದು ಕಂಡುಕೊಂಡರು, ಕುಟುಂಬಕ್ಕೆ 400 ಪೌಂಡ್ ಪರಿಹಾರವೂ ಸಿಕ್ಕಿತು. ಇದನ್ನು ಓದಿ ಮುಗಿಸಿ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಅವರಿಗೆ ನೆನಪಿದ್ದಷ್ಟರಲ್ಲಿಯೇ ಎಂಟು ವಾರಗಳಲ್ಲಿ ಇಪ್ಪತ್ತಮೂರು ಸಲ ಚೆಂಡು ಆಚೆಗೆ ಹೋಗಿತ್ತು. 30 ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಎಂಬ ಸಮಾಧಾನ ನಮಗೆ ದಕ್ಕುವಂತಿರಲಿಲ್ಲ.

ಬೇಲಿಯನ್ನೇ ಎತ್ತರಿಸಿಬಿಟ್ಟರೆ ಹೇಗೆ ಎಂದು ಯಜಮಾನರು ಯೋಚಿಸಿದರು. ಎಡಗಡೆಯ ಬೇಲಿ ಯಾವಾಗಲೂ ನಮ್ಮದು ಎಂದು ಇಲ್ಲಿ ಅನೇಕರು ಹೇಳುತ್ತಾರೆ. ಹಾಗೊಂದು ನಿಯಮವೇ ಇಲ್ಲ. ಭೂ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಆಗಿನ ದರದಂತೆ ತಲಾ 3 ಪೌಂಡ್ ಕೊಟ್ಟು ನಮ್ಮ ಮನೆಯ ನೋಂದಣಿ ಪ್ರತಿಯನ್ನೂ ನಕ್ಷೆಯನ್ನೂ ತೆಗೆಸಿ ನೋಡಿದರೆ, ಒಡೆತನವನ್ನು ತೋರಿಸುವ "ಟಿ" ಗುರುತು ಯಾವ ಬೇಲಿಯ ಮೇಲೂ ಇರಲಿಲ್ಲ. ಒಡೆತನ ಇತ್ಯರ್ಥವಾದರೂ ಹಿತ್ತಲಿನ ಬೇಲಿ 2 ಮೀಟರ್ ಮೀರಿದರೆ ಕೌನ್ಸಿಲ್‌ನ ಯೋಜನಾ ಅನುಮತಿ (ಪ್ಲಾನಿಂಗ್ ಪರ್ಮಿಷನ್) ಬೇಕು. ಅದರ ಶುಲ್ಕ ಆಗ 258 ಪೌಂಡ್, ತೀರ್ಮಾನಕ್ಕೆ ಎಂಟು ವಾರ, ನಡುವೆ ಅಕ್ಕಪಕ್ಕದವರಿಂದ ಆಕ್ಷೇಪಣೆ ಕೇಳುವುದು ಬೇರೆ. ಈಗಾಗಲೇ ನೊಂದಿರುವವರ ಮನೆಗೆ ಇನ್ನೊಂದು ಸರ್ಕಾರಿ ಪತ್ರ ಹೋಗುವುದು ಬೇಡವೆಂದು ಆ ಯೋಚನೆಯನ್ನು ಬಿಟ್ಟೆವು.

ಮಧ್ಯಸ್ಥಿಕೆಗೆ ಒಪ್ಪುವಿರಾ ಎಂದು ಕೇಳಿದವರು ಕೌನ್ಸಿಲ್‌ನ ಅಧಿಕಾರಿಯೇ. ನಮ್ಮ ಭಾಗದಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಇದನ್ನು ಉಚಿತವಾಗಿ ಮಾಡುತ್ತಾರೆ. ಕೆಲವು ಊರುಗಳಲ್ಲಿ ಶುಲ್ಕವಿರುವುದರಿಂದ ಮೊದಲೇ ಕೇಳಿಕೊಳ್ಳುವುದು ವಾಸಿ. ನಾವು ಅಂದೇ ಒಪ್ಪಿದೆವು. ಪಕ್ಕದ ಮನೆಯವರು ಒಪ್ಪಲು ಹತ್ತು ದಿನ ಹಿಡಿಯಿತು, ಆ ಹತ್ತು ದಿನವೂ ನಾನು ಅಂಚೆಯ ಸದ್ದಿಗೆ ಕಿವಿಗೊಟ್ಟಿರುತ್ತಿದ್ದೆ. ಆಗಸ್ಟ್ ಕೊನೆಗೆ ಇಬ್ಬರು ಮಧ್ಯಸ್ಥರು ಮೊದಲು ಅವರ ಮನೆಗೆ, ಅನಂತರ ನಮ್ಮ ಮನೆಗೆ ಪ್ರತ್ಯೇಕವಾಗಿ ಬಂದರು. ಒಂದೂಕಾಲು ಗಂಟೆ ಕುಳಿತು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಯಾರದು ಸರಿ, ಯಾರದು ತಪ್ಪು ಎಂದು ಒಂದು ಮಾತೂ ಆಡಲಿಲ್ಲ. ನಾನು ತಟ್ಟೆಯಲ್ಲಿಟ್ಟಿದ್ದ ಚಕ್ಕುಲಿಯನ್ನೂ ಅವರು ಮುಟ್ಟಲಿಲ್ಲ. ಎರಡೂ ಕಡೆಗೆ ಸಮಾನವಾಗಿ ನಡೆದುಕೊಳ್ಳಬೇಕಾದವರು ಹಾಗೆ ದೂರ ಕಾಯ್ದುಕೊಳ್ಳುತ್ತಾರೆಂದು ಆಮೇಲೆ ಅರ್ಥವಾಯಿತು, ಆ ಕ್ಷಣಕ್ಕೆ ಮನಸ್ಸಿಗೆ ಕಸಿವಿಸಿಯಾಗಿತ್ತು.

ಸೆಪ್ಟೆಂಬರ್ 14ರ ಶನಿವಾರ ಊರಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ನಾವು ಎದುರುಬದುರು ಕುಳಿತೆವು. ಇಷ್ಟು ಹತ್ತಿರದಿಂದ ನಾನು ಪಕ್ಕದ ಮನೆಯವರ ಮುಖವನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಐವತ್ತರ ಆಸುಪಾಸಿನ ವಯಸ್ಸು, ಕಣ್ಣಿನ ಸುತ್ತ ಕಪ್ಪು. ಮಾರ್ಚ್‌ನಿಂದ ಅವರಿಗೆ ರಾತ್ರಿ ಪಾಳಿಯಂತೆ; ಸೂಪರ್ ಮಾರ್ಕೆಟ್ಟುಗಳಿಗೆ ಸರಕು ಸಾಗಿಸುವ ದೊಡ್ಡ ಲಾರಿಯನ್ನು ಇಡೀ ರಾತ್ರಿ ಓಡಿಸಿ, ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು, ಎಂಟೂವರೆಯಿಂದ ಮಧ್ಯಾಹ್ನ ಮೂರರವರೆಗೆ ಮಲಗುತ್ತಾರೆ. ಅವರು ಮಲಗುವ ಕೋಣೆ ಹಿತ್ತಲಿನ ಕಡೆಯದು. ಒಂದು ಬೆಳಗಿನ ಅನುಭವವನ್ನು ಹೇಳಿ ಎಂದು ಮಧ್ಯಸ್ಥರು ಕೇಳಿದಾಗ ಅವರು ಏನೂ ಹೇಳದೆ, ಅನುಮತಿ ಕೇಳಿ, ಫೋನಿನಲ್ಲಿ ತಾವು ಮಲಗಿದ್ದಲ್ಲಿಂದಲೇ ಮುದ್ರಿಸಿದ್ದ ಸದ್ದನ್ನು ಕೇಳಿಸಿದರು. ಮಕ್ಕಳ ಕೂಗು ಅದರಲ್ಲಿ ದೂರದ್ದೆಂಬಂತೆ ಇತ್ತು. ಹತ್ತಿರದಲ್ಲಿ ಕೇಳಿದ್ದು ಧಡ್ ಎಂಬ ಶಬ್ದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಧಡ್. ಟೊಳ್ಳು ಹಲಗೆಯ ಬೇಲಿ ಚೆಂಡು ಬಿದ್ದಾಗಲೆಲ್ಲ ತಮಟೆಯ ಹಾಗೆ ಬಾರಿಸುತ್ತಿತ್ತು. ಮುಂದಿನ ಚೆಂಡು ಯಾವಾಗ ಬಡಿಯುತ್ತದೋ ಎಂದು ಕಾಯುತ್ತಲೇ ನಿದ್ದೆ ಕಳೆದುಹೋಗುತ್ತದೆ, ನಿದ್ದೆಗೆಟ್ಟು ಅಷ್ಟು ದೊಡ್ಡ ಲಾರಿ ಓಡಿಸಲು ತನಗೆ ಭಯವಾಗುತ್ತದೆ ಎಂದರು. ನಮ್ಮ ಸಂಜೆಯ ಆಟದಿಂದ ಅವರಿಗೆ ತೊಂದರೆಯೇ ಆಗಿರಲಿಲ್ಲ. ಆ ಹೊತ್ತಿಗೆ ಅವರು ಕೆಲಸಕ್ಕೆ ಹೊರಡುವ ಸಿದ್ಧತೆಯಲ್ಲಿರುತ್ತಿದ್ದರು. ನಾವು ಅವರಿಗಾಗಿಯೇ ಆಟವನ್ನು ಬೆಳಗಿಗೆ ಸರಿಸಿದೆವೆಂದು ಯಜಮಾನರು ಹೇಳಿದಾಗ, ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ನಾವು ನಾಲ್ಕು ತಿಂಗಳು ಒಂದೇ ತಕರಾರೆಂದು ತಿಳಿದುಕೊಂಡಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿದ್ದವು. ಬೇಲಿಗೆ ಬಡಿಯುವ ಸದ್ದು ಒಂದು, ಆಚೆಗೆ ಬೀಳುವ ಚೆಂಡು ಒಂದು, ಆಟದ ಹೊತ್ತು ಒಂದು. ಅವುಗಳನ್ನು ಬಿಡಿಸಿ ಕೂತ ಮೇಲೆ ಎರಡೇ ಗಂಟೆಯಲ್ಲಿ ಮಾತು ಮುಗಿಯಿತು. ಬೇಲಿಯಿಂದ ಒಂದು ಮೀಟರ್ ಈಚೆಗೆ, ಬಿಗಿಯಾಗಿ ಕಟ್ಟದೆ ಸಡಿಲವಾಗಿ ಇಳಿಬಿಟ್ಟ ಬಲೆ ಹಾಕಬೇಕು; ಚೆಂಡು ಅದಕ್ಕೆ ಬಡಿದು ಸದ್ದಿಲ್ಲದೆ ಕೆಳಗೆ ಬೀಳುತ್ತದೆ. ಆಟವಾದ ಮೇಲೆ ಕಂಬಸಮೇತ ತೆಗೆದಿಡಬೇಕು. ನೆಲಕ್ಕೆ ಕಾಂಕ್ರೀಟ್ ಹಾಕಿ ಎತ್ತರದ ಕಂಬಗಳನ್ನು ಶಾಶ್ವತವಾಗಿ ನಿಲ್ಲಿಸಲು ಹೊರಟರೆ ಮತ್ತೆ ಯೋಜನಾ ಅನುಮತಿಯ ಪ್ರಶ್ನೆ ಏಳುತ್ತದೆಂದು ಕೌನ್ಸಿಲ್‌ನವರು ಮೊದಲೇ ಎಚ್ಚರಿಸಿದ್ದರು. ಪಕ್ಕದ ಮನೆಯವರು ತಮ್ಮ ಪಾಳಿಯ ದಿನಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿ ಭಾನುವಾರ ನಮ್ಮ ಬಾಗಿಲಿನ ಅಂಚೆ ಕಿಂಡಿಗೆ ಹಾಕುತ್ತಾರೆ. ರಾತ್ರಿ ಪಾಳಿಯ ಮರುದಿನ ಮಧ್ಯಾಹ್ನ ಮೂರರವರೆಗೆ ಚೆಂಡು ಹೊರಬರುವುದಿಲ್ಲ. ಆಚೆಗೆ ಹೋದ ಚೆಂಡನ್ನು ಅವರು ತಮ್ಮ ಮುಂಬಾಗಿಲ ಬಳಿಯ ನೀಲಿ ಬಕೆಟ್ಟಿನಲ್ಲಿ ಹಾಕಿಡುತ್ತಾರೆ, ಮಕ್ಕಳು ಬೇಲಿ ಹತ್ತದೆ ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಈ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ, ಇಬ್ಬರ ಸಹಿಯಿರುವ ಒಂದು ಹಾಳೆ ಅಷ್ಟೇ. ಹಾಗಿದ್ದರೂ ಇಲ್ಲಿಯವರೆಗೆ ಒಂದು ದಿನವೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ನೀಲಿ ಬಕೆಟ್ಟು ನಮ್ಮ ಮೆಟ್ಟಿಲಿನ ಮೇಲೆಯೇ ಇತ್ತು. ಒಳಗೆ ಏಳೂ ಚೆಂಡುಗಳು, ಅವುಗಳ ಮೇಲೆ ಕಾಗದದ ಚೀಲದಲ್ಲಿ ನಾಲ್ಕು ಟೊಮೆಟೊ. ಮಾವನವರು ಚೀಲವನ್ನು ಬಿಡಿಸಿ ನೋಡಿ, "ಸಾರಿಗೆ ಚೆನ್ನಾಗಿರುತ್ತೆ ಕಣಮ್ಮ," ಎಂದರು. ಅಂದೇ ಸಂಜೆ ಕುರ್ಚಿ ಮತ್ತೆ ಹಿತ್ತಲಿಗೆ ಬಂದಿತು. ಅವರು ಹೊರಡಲು ಇನ್ನು ಹದಿನೈದು ದಿನವಿತ್ತು. ಬಲೆ ಬಂದ ಮೇಲೆ ಸಿಕ್ಕ ಬಿಸಿಲಿನ ಸಂಜೆ ಮೂರೇ ಆದರೂ ಮೂರೂ ದಿನ ಬೌಲಿಂಗ್ ಮಾಡಿದರು.

ಖರ್ಚಿನ ವಿಷಯ ಅನೇಕರು ಕೇಳುತ್ತಾರೆಂದು ಬರೆಯುತ್ತೇನೆ. ಗಾಜಿಗೆ 35, ಭೂ ನೋಂದಣಿಯ ಎರಡು ಪ್ರತಿಗಳಿಗೆ 6, ಕಳಚಿಡುವ ಕಂಬ ಮತ್ತು ಬಲೆಗೆ 72, ಒಟ್ಟು 113 ಪೌಂಡ್. ಬಿರುಕುಬಿಟ್ಟ ಹಲಗೆಯನ್ನು ಪಕ್ಕದ ಮನೆಯವರೂ ಯಜಮಾನರೂ ಸೇರಿ, ಅವರ ಬಳಿಯಿದ್ದ ಹಳೆಯ ತುಂಡಿನಿಂದಲೇ ಸರಿಪಡಿಸಿದರು. ಬಲೆ ಕೊಳ್ಳುವವರು ಅಗ್ಗದ ತೆಳು ನೂಲಿನದನ್ನು ಕೊಳ್ಳಬೇಡಿ. ಮೊದಲು ತಂದದ್ದು ಒಂದೇ ಗಾಳಿಗೆ ಸಿಕ್ಕು ಬಿದ್ದು ಹಿಂದಿರುಗಿಸಬೇಕಾಯಿತು.

ಕೌನ್ಸಿಲ್‌ನಿಂದ ಕೊನೆಯ ಪತ್ರ ಬರಲು ಮಾತ್ರ ಮತ್ತೆ ಐದು ವಾರ ಹಿಡಿಯಿತು. ಒಪ್ಪಂದವಾದೊಡನೆ ಕಡತ ತಾನಾಗಿಯೇ ಮುಚ್ಚುವುದಿಲ್ಲ. ನಾನು ಎರಡು ಸಲ ಮಿಂಚಂಚೆ ಬರೆದು ನೆನಪಿಸಿ, ಮುಕ್ತಾಯವನ್ನು ಬರಹದಲ್ಲಿಯೇ ಕೊಡಬೇಕೆಂದು ಕೇಳಿದ ಮೇಲೆ ಅಕ್ಟೋಬರ್ 21ರಂದು ಎರಡು ಸಾಲಿನ ಪತ್ರ ಬಂದಿತು. ಅದನ್ನೂ ಮಧ್ಯಸ್ಥಿಕೆಯ ಒಪ್ಪಂದದ ಹಾಳೆಯನ್ನೂ ಒಟ್ಟಿಗೆ ಮನೆಯ ಕಾಗದಪತ್ರಗಳ ಕಡತದಲ್ಲಿ ಇಟ್ಟಿದ್ದೇನೆ. ಈ ವಾರದ ಪಾಳಿಯ ಚೀಟಿ ಫ್ರಿಜ್ಜಿನ ಬಾಗಿಲ ಮೇಲಿದೆ: ಸೋಮವಾರದಿಂದ ಗುರುವಾರದವರೆಗೆ ರಾತ್ರಿ, ಶುಕ್ರವಾರ ಬಿಡುವು.